ದೇಹದ ಖಜಾನೆಯಲ್ಲಿ ರಂಜಕದ ಲೆಕ್ಕ

ಕ್ರಿ. ಶ. ೧೬೬೯ರ ಸುಮಾರಿಗೆ ಜರ್ಮನಿಯ ಹ್ಯಾಂಬರ್ಗ್ ಪಟ್ಟಣದಲ್ಲಿ ಹೆನ್ನಿಗ್ ಬ್ರಾಂಡ್ ಎಂಬ ರಸವಾದಿಯು ಚಿನ್ನದ ಆಶೆಯಿಂದ ಮನುಷ್ಯಮೂತ್ರವನ್ನು ಕೊಡಗಟ್ಟಲೆ ಕಾಯಿಸಿ ಬತ್ತಿಸಿದನು. ಚಿನ್ನವೇನೋ ದೊರೆಯಲಿಲ್ಲ, ಕತ್ತಲೆಯಲ್ಲಿ ತಾನಾಗಿ ಬೆಳಗುವ ರಂಜಕವು ದೊರೆಯಿತು. ದೇಹವು ಈ ವಸ್ತುವನ್ನು ಹೊರಹಾಕುತ್ತದೆಂಬುದು ಹೀಗೆ ಗೊತ್ತಾಯಿತಾದರೂ, ಎಷ್ಟನ್ನು ಬಿಡಬೇಕು, ಎಷ್ಟನ್ನು ಉಳಿಸಿಕೊಳ್ಳಬೇಕು ಎಂಬುದನ್ನು ಅದು ನಿರ್ಣಯಿಸುವ ಬಗೆಯು ತಿಳಿದುಬರಲು ಮುನ್ನೂರು ವರ್ಷಗಳಿಗೂ ಮಿಕ್ಕಿ ಕಾಲ ಹಿಡಿಯಿತು.

ಪ್ರಾಯದ ಮನುಷ್ಯನ ದೇಹದಲ್ಲಿ ಸುಮಾರು ೭೦೦ ಗ್ರಾಂ ರಂಜಕವಿರುತ್ತದೆ. ಅದರಲ್ಲಿ ನೂರಕ್ಕೆ ೮೫ ಪಾಲು ಎಲುಬು ಹಲ್ಲುಗಳಲ್ಲಿ ಸುಣ್ಣದ ಅಂಶದೊಡನೆ ಕೂಡಿಕೊಂಡಿದೆ. ರಕ್ತದಲ್ಲಿ ಸಂಚರಿಸುವುದು ಅತ್ಯಲ್ಪ. ಆದರೆ ಆ ಅಲ್ಪಾಂಶವು ಬಹುಕಾಲ ಕಡಿಮೆಯಾಗಿ ನಿಂತರೆ ಎಲುಬು ಮೆತ್ತಗಾಗಿ ಸ್ನಾಯುಗಳು ಶಕ್ತಿಗುಂದುತ್ತವೆ. ಹೆಚ್ಚಾಗಿ ನಿಂತರೆ ರಕ್ತನಾಳಗಳ ಗೋಡೆಗಳಲ್ಲಿ ಸುಣ್ಣ ಗಟ್ಟಿಗೊಳ್ಳಲು ಎಡೆಯಾಗುತ್ತದೆ. ಈ ಜಮಾಖರ್ಚನ್ನು ಸರಿದೂಗಿಸುವ ಭಾರವು ಮುಖ್ಯವಾಗಿ ಮೂತ್ರಪಿಂಡಗಳ ಮೇಲಿದೆ.

ಎರಡೂ ಪಿಂಡಗಳು ದಿನವೊಂದಕ್ಕೆ ಸುಮಾರು ೧೮೦ ಲೀಟರು ದ್ರವವನ್ನು ರಕ್ತದಿಂದ ಸೋಸುತ್ತವೆ. ಅದರೊಡನೆ ಫಾಸ್ಫೇಟಿನ ರೂಪದಲ್ಲಿ ಆರು ಗ್ರಾಂ ಆಸುಪಾಸಿನ ರಂಜಕವೂ ಇಳಿದುಬರುತ್ತದೆ. ಇದೆಲ್ಲ ಹರಿದುಹೋದರೆ ಕೆಲವೇ ದಿನಗಳಲ್ಲಿ ಅನರ್ಥವಾದೀತು. ಆದರೆ ನೂರಕ್ಕೆ ೮೦ರಿಂದ ೯೦ ಪಾಲನ್ನು ಸೂಕ್ಷ್ಮನಾಳಗಳ ಮೊದಲ ಭಾಗದ ಜೀವಕಣಗಳೇ ಬಹುತೇಕ ಮರಳಿ ಹೀರಿಕೊಳ್ಳುತ್ತವೆ. ಈ ಕಣಗಳ ಒಳಮುಖವು ಕುಂಚದ ಕೂದಲುಗಳಂತೆ ಎಳೆಎಳೆಯಾಗಿದ್ದು, ಆ ಎಳೆಗಳಲ್ಲಿ ವಾಹಕ ಪ್ರೋಟೀನುಗಳು ನೆಲೆಗೊಂಡಿವೆ. ಕಣದ ಹಿಂಬದಿಯಲ್ಲಿರುವ ಪಂಪು ಸೋಡಿಯಮನ್ನು ಎಡೆಬಿಡದೆ ಹೊರದೂಡುವುದರಿಂದ ಒಳಗೆ ಅದರ ಕೊರತೆಯಿರುತ್ತದೆ. ಆ ಕೊರತೆಯನ್ನು ತುಂಬಲು ನಾಳದಿಂದ ಒಳನುಗ್ಗುವ ಸೋಡಿಯಮಿನ ಜೊತೆಯಲ್ಲಿ ಫಾಸ್ಫೇಟೂ ಒಳಸೇರುತ್ತದೆ. ಪ್ರಮುಖ ವಾಹಕವೊಂದು ಮೂರು ಸೋಡಿಯಂ ಕಣಗಳಿಗೆ ಒಂದು ಫಾಸ್ಫೇಟಿನಂತೆಯೂ, ಇನ್ನೊಂದು ಎರಡಕ್ಕೆ ಒಂದರಂತೆಯೂ ಸಾಗಿಸುತ್ತವೆ.

ವಾಹಕಗಳ ಸಂಖ್ಯೆಯನ್ನು ಏರಿಳಿಸುವುದೇ ಇಲ್ಲಿಯ ಆಡಳಿತದ ಗುಟ್ಟು. ಆಹಾರದಲ್ಲಿ ರಂಜಕವು ಕಡಿಮೆಯಾದಾಗ ಹೆಚ್ಚು ವಾಹಕಗಳು ಮೇಲ್ಮೈಗೆ ಬರುತ್ತವೆ. ಕೊರಳಿನಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳ ರಸವು ಅವುಗಳನ್ನು ಒಳಕ್ಕೆಳೆಸಿ ನಾಶಗೊಳಿಸುತ್ತದೆ. ಮುಖ್ಯ ವಾಹಕವು ಹೀಗೊಮ್ಮೆ ಒಳಹೋದರೆ ಸಾಮಾನ್ಯವಾಗಿ ಹಿಂದಿರುಗದು, ಹೊಸದೇ ತಯಾರಾಗಬೇಕು. ಎಲುಬು ಕೂಡ ಮೂಕಸಾಕ್ಷಿಯಲ್ಲ. ಅದು ಎಫ್‌ಜಿಎಫ್-೨೩ ಎಂಬ ಸಂದೇಶವನ್ನು ಕಳುಹಿಸಿ ವಾಹಕಗಳನ್ನು ತಗ್ಗಿಸುತ್ತದೆ; ‘ಡಿ’ ಜೀವಸತ್ವವು ಕಾರ್ಯಕಾರಿಯಾಗುವುದನ್ನೂ ತಡೆದು, ಕರುಳು ರಂಜಕವನ್ನು ಹೀರುವುದನ್ನು ಕಡಿಮೆ ಮಾಡುತ್ತದೆ. ಈ ಸಂದೇಶವು ಪಿಂಡಕ್ಕೆ ಮುಟ್ಟಬೇಕಾದರೆ ೧೯೯೭ರಲ್ಲಿ ಜಪಾನಿನ ವಿಜ್ಞಾನಿಗಳು ಬೆಳಕಿಗೆ ತಂದ ಕ್ಲೋಥೋ ಎಂಬ ಪ್ರೋಟೀನು ಜೊತೆಗಿರಬೇಕು.

ಇದು ಪಂಡಿತರ ವಿನೋದಮಾತ್ರವೆಂದು ವಾಚಕರು ಭಾವಿಸಬಾರದು. ‘ಡಿ’ ಜೀವಸತ್ವವನ್ನು ಎಂದಿನಂತೆ ಕೊಟ್ಟರೂ ಕಾಲು ಸೊಟ್ಟಗಾಗುವ ಮಕ್ಕಳ ರೋಗವನ್ನು ೧೯೩೭ರಲ್ಲಿ ಅಮೇರಿಕೆಯ ವೈದ್ಯ ಫುಲ್ಲರ್ ಆಲ್ಬ್ರೈಟ್ ಮತ್ತು ಸಂಗಡಿಗರು ವರ್ಣಿಸಿದರು. ವಂಶಾನುಗತವಾದ ಇಂಥ ರೋಗದ ಬಹುತೇಕ ಮಕ್ಕಳಲ್ಲಿ ಎಲುಬಿನ ಸಂದೇಶವು ಅತಿಯಾಗಿ, ರಂಜಕವು ಮೂತ್ರದಲ್ಲಿ ಸೋರಿಹೋಗುತ್ತದೆಂಬುದು ಈಗ ತಿಳಿದಿದೆ. ಆ ಸಂದೇಶವನ್ನು ತಡೆಹಿಡಿಯುವ ಬುರೊಸುಮಾಬ್ ಎಂಬ ಔಷಧಕ್ಕೆ ೨೦೧೮ರಲ್ಲಿ ಯುರೋಪು ಅಮೇರಿಕೆಗಳಲ್ಲಿ ಮನ್ನಣೆ ದೊರೆಯಿತು. ರೋಗವನ್ನು ಸರಿಯಾಗಿ ಗುರುತಿಸದೆ ಬರಿಯ ಜೀವಸತ್ವವನ್ನೇ ಕುಡಿಸುತ್ತ ಕುಳಿತರೆ ಮಗುವಿನ ಬೆಳವಣಿಗೆಯ ಕಾಲವೇ ಕಳೆದುಹೋಗುತ್ತದೆ.

ಮತ್ತೊಂದು ಅಪಾಯವು ಇದಕ್ಕಿಂತಲೂ ಗುಪ್ತವಾದುದು. ಮಧುಮೇಹ, ರಕ್ತದೊತ್ತಡಗಳಿಂದ ಪಿಂಡಗಳು ಕ್ಷೀಣಿಸತೊಡಗಿದಾಗ, ಎಲುಬಿನ ಸಂದೇಶವು ಏರಿ, ಅಳಿದುಳಿದ ನಾಳಗಳಿಂದಲೇ ಹೆಚ್ಚು ರಂಜಕವನ್ನು ಹೊರಹಾಕಿಸುತ್ತದೆ. ಆದುದರಿಂದ ರಕ್ತದ ಫಾಸ್ಫೇಟು ಬಹುಕಾಲ ಸರಿಯಾಗಿಯೇ ತೋರುತ್ತದೆ. ಲೆಕ್ಕ ತಾಳೆಯಾಯಿತೆಂಬ ಮಾತ್ರಕ್ಕೆ ಖಜಾನೆ ಸುಭದ್ರವೆಂದು ಯಾವ ಅಧಿಕಾರಿಯೂ ನಂಬಲಾರನಷ್ಟೆ? ಈ ರೋಗಗಳುಳ್ಳವರು ಆ ಒಂದು ಅಂಕಿಯನ್ನು ನೆಚ್ಚದೆ, ರಕ್ತದ ಕ್ರಿಯಾಟಿನಿನ್ ಹಾಗೂ ಮೂತ್ರದ ಆಲ್ಬುಮಿನ್ನುಗಳನ್ನು ಕಾಲಕಾಲಕ್ಕೆ ಪರೀಕ್ಷಿಸಿಕೊಳ್ಳುವುದು ಅವಶ್ಯ. ಪಿಂಡವು ದುರ್ಬಲವೆಂದು ಕಂಡವರು ಸಂಸ್ಕರಿಸಿದ ಪೊಟ್ಟಣದ ತಿನಿಸುಗಳ ವಿಷಯದಲ್ಲಿಯೂ ಎಚ್ಚರದಿಂದಿರಬೇಕು. ಅವುಗಳಿಗೆ ಬೆರೆಸುವ ಫಾಸ್ಫೇಟು ಬೇಳೆಕಾಳುಗಳಲ್ಲಿರುವುದಕ್ಕಿಂತ ಸುಲಭವಾಗಿ ರಕ್ತಕ್ಕೆ ಸೇರುತ್ತದೆ. ಹಗಲಿರುಳೂ ನಮ್ಮ ಲೆಕ್ಕವನ್ನು ಸರಿದೂಗಿಸುತ್ತಿರುವ ಈ ಮೂಕಸೇವಕನ ಅಳಲನ್ನು ಅವನು ಕುಸಿದುಬೀಳುವ ಮೊದಲೇ ಕೇಳುವುದು ವಿವೇಕ.