ಸೀಲಿಯಾಕ್ ರೋಗಿಯಿರುವ ಮನೆಯಲ್ಲಿ ಅಡುಗೆಕೋಣೆಯ ನಿರ್ವಹಣೆ

ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಸಸಾರಜನಕವು ಸೀಲಿಯಾಕ್ ರೋಗಿಗಳ ಸಣ್ಣ ಕರುಳಿನ ಒಳಪದರಕ್ಕೆ ಹಾನಿಯುಂಟುಮಾಡುತ್ತದೆ. ಇದರಿಂದ ರಕ್ತಹೀನತೆ ಉಂಟಾಗಬಹುದು; ಮಕ್ಕಳ ಬೆಳವಣಿಗೆ ಕುಂಠಿತವಾಗಬಹುದು. ಜೀವನಪರ್ಯಂತ ಪಥ್ಯವೇ ಇದಕ್ಕೆ ಚಿಕಿತ್ಸೆ. ಉಡುಪಿ, ಕಾಪು, ಕಾರ್ಕಳ ಭಾಗದ ಕುಚ್ಚಲಕ್ಕಿ ಗಂಜಿ, ನೀರುದೋಸೆ, ಉದ್ದಿನ ಇಡ್ಲಿಗಳಲ್ಲಿ ಸ್ವಭಾವತಃ ಗ್ಲುಟೆನ್ ಇಲ್ಲ. ಇಲ್ಲಿ ಅಪಾಯ ಬರುವುದು ಬೆಳೆಯಿಂದಲ್ಲ, ಬೆರಕೆಯಿಂದ.

ಅನುಸರಿಸಬೇಕಾದ ಕ್ರಮಗಳು:

• ಗಿರಣಿ: ಗೋಧಿ ಬೀಸುವ ಯಂತ್ರದಲ್ಲಿ ರೋಗಿಗಾಗಿ ಅಕ್ಕಿ, ರಾಗಿ ಬೀಸಿಸಬೇಡಿ, ಯಂತ್ರದಲ್ಲಿ ಉಳಿದ ಹಿಟ್ಟು ಬೆರೆಯುತ್ತದೆ. ಅಕ್ಕಿಯನ್ನು ನೆನೆಸಿ ಮನೆಯಲ್ಲಿಯೇ ರುಬ್ಬಿಕೊಳ್ಳಿ.

• ಇಂಗು: ಮಾರುಕಟ್ಟೆಯ ಇಂಗಿಗೆ ಹಲವು ವೇಳೆ ಮೈದಾ ಸೇರಿರುತ್ತದೆ. ಸಾರು, ಸಾಂಬಾರು ಪುಡಿಗಳ ಪೊಟ್ಟಣಗಳ ಮೇಲಿನ ವಿವರವನ್ನೂ ಓದಿ.

• ಪಾತ್ರೆ: ಸ್ಟೀಲ್ ಪಾತ್ರೆಗಳನ್ನು ಸಾಬೂನಿನಿಂದ ಚೆನ್ನಾಗಿ ತೊಳೆದು ಬಳಸಬಹುದು. ದೋಸೆ ಕಾವಲಿ, ಮರದ ಸೌಟು, ಜರಡಿ, ಲಟ್ಟಣಿಗೆಗಳು ಪ್ರತ್ಯೇಕವಾಗಿರಲಿ.

• ಎಣ್ಣೆ: ಗೋಳಿಬಜೆ, ಬನ್ಸ್ ಕರಿದ ಎಣ್ಣೆಯಲ್ಲಿ ರೋಗಿಯ ಹಪ್ಪಳ ಕರಿಯಬೇಡಿ.

• ಸಂಗ್ರಹ: ರೋಗಿಯ ಹಿಟ್ಟು, ಧಾನ್ಯಗಳನ್ನು ಮುಚ್ಚಿದ ಡಬ್ಬಿಗಳಲ್ಲಿ ಮೇಲಿನ ಕಪಾಟಿನಲ್ಲಿಡಿ, ಅವರ ಅಡುಗೆಯನ್ನು ಮೊದಲು ಮಾಡಿ.

ದೇಶದ ಆಹಾರ ಸುರಕ್ಷತಾ ನಿಯಮದಂತೆ, ಗ್ಲುಟೆನ್‌ಮುಕ್ತ ಎಂದು ಮಾರುವ ಆಹಾರದ ಪ್ರತಿ ಕಿಲೋಗ್ರಾಂನಲ್ಲಿ ಗ್ಲುಟೆನ್ 20 ಮಿಲಿಗ್ರಾಂ ಮೀರುವಂತಿಲ್ಲ. ಚಿಟಿಕೆ ಹಿಟ್ಟನ್ನೂ ಕಡೆಗಣಿಸಬಾರದೆಂಬುದು ಇದರಿಂದ ಸ್ಪಷ್ಟ.

ರೋಗದ ಸಂಶಯವಿದ್ದಲ್ಲಿ, ಪರೀಕ್ಷೆಗೆ ಮೊದಲೇ ಗೋಧಿಯನ್ನು ತ್ಯಜಿಸಬೇಡಿ, ಫಲಿತಾಂಶ ತಪ್ಪಾಗಬಹುದು. ಉಡುಪಿ ಅಥವಾ ಮಣಿಪಾಲದ ತಜ್ಞ ವೈದ್ಯರನ್ನು ಕಂಡು, ರಕ್ತಪರೀಕ್ಷೆಯ ಬಳಿಕ ಅವರ ಸಲಹೆಯಂತೆ ಪಥ್ಯವನ್ನು ಆರಂಭಿಸಿ.