ಪೋಕರ್ ಪಂದ್ಯದ ಸಂಕೇತಾಕ್ಷರಗಳು

ಇಸ್ಪೀಟಿನ ಪರಿಭಾಷೆ ನುಡಿಯಿಂದ ನುಡಿಗೆ ಬದಲಾಗುತ್ತದೆ. ಬೆಳಗಾವಿಯ ಅನಗೋಳದಂತಹ ಎರಡು ನುಡಿಗಳ ನೆರೆಯಲ್ಲಿ, ಕನ್ನಡದ ಆಟೀನು ಎಲೆಗೆ ಮರಾಠಿಯಲ್ಲಿ ಬದಾಮವೆಂದು ಹೆಸರು. ಆದರೆ ಆನ್‌ಲೈನ್ ಪೋಕರ್ ಪಂದ್ಯಾವಳಿಯ ಪರಿಭಾಷೆ ಹೆಚ್ಚಾಗಿ ಇಂಗ್ಲಿಷಿನ ಮೊದಲಕ್ಷರಗಳಿಂದಾದುದು.

‘ಎಂಟಿಟಿ’ ಎಂದರೆ ಹಲವು ಮೇಜುಗಳ ಪಂದ್ಯಾವಳಿ. ‘ಬಿಬಿ’ ಎಂಬುದು ಎಲೆ ಹಂಚುವ ಮೊದಲೇ ಸರದಿಯಂತೆ ಒಬ್ಬನು ಕಟ್ಟಬೇಕಾದ ದೊಡ್ಡ ಪಣ; ಕೈಯಲ್ಲಿರುವ ಬಿಲ್ಲೆಗಳನ್ನು ಇದರಿಂದಲೇ ಅಳೆಯುತ್ತಾರೆ. ‘ಐಟಿಎಂ’ ಎಂದರೆ ಬಹುಮಾನದ ಸಾಲಿಗೆ ಸೇರುವುದು. ಅದಕ್ಕೆ ಒಂದೇ ಸ್ಥಾನ ಉಳಿದಿರುವ ಹಂತವೇ ‘ಬಬಲ್’, ಅರ್ಥಾತ್ ನೀರ್ಗುಳ್ಳೆ.

ಇವುಗಳಲ್ಲಿ ವಿಚಾರಾರ್ಹವಾದುದು ‘ಐಸಿಎಂ’: ಬಿಲ್ಲೆಗಳ ಬೆಲೆಯನ್ನು ಹಣದಲ್ಲಿ ಎಣಿಸುವ ಗಣಿತ. ನೈಪುಣ್ಯದಲ್ಲಿಯೂ ಬಿಲ್ಲೆಗಳಲ್ಲಿಯೂ ಸಮಾನರಾದ ಮೂವರು ಉಳಿದಿದ್ದಾರೆ, ಬಹುಮಾನಗಳು 50, 30, 20 ರೂಪಾಯಿ ಎಂದಿಟ್ಟುಕೊಳ್ಳೋಣ. ಪ್ರತಿಯೊಬ್ಬನ ಪಾಲಿನ ಬೆಲೆ 33.3 ರೂಪಾಯಿ. ಒಬ್ಬನು ಮತ್ತೊಬ್ಬನೊಡನೆ ಸರ್ವಸ್ವವನ್ನೂ ಒಡ್ಡಿ ಗೆದ್ದರೆ ಅವನ ಬಿಲ್ಲೆಗಳು ಇಮ್ಮಡಿಯಾಗುತ್ತವೆ. ಮೊದಲ ಸ್ಥಾನದ ಸಂಭವ ಮೂರರಲ್ಲಿ ಎರಡು. 50ರ ಮೂರನೆಯ ಎರಡು ಭಾಗಕ್ಕೆ 30ರ ಮೂರನೆಯ ಒಂದು ಭಾಗವನ್ನು ಕೂಡಿಸಿದರೆ ಬೆಲೆ 43.3 ಮಾತ್ರ. ಸೋತರೆ ದೊರೆಯುವುದು 20. ಗೆದ್ದರೆ ಲಾಭ 10, ಸೋತರೆ ನಷ್ಟ 13.3! ಸೋಲು ಗೆಲುವುಗಳ ಸಂಭವ ಸಮನಾಗಿದ್ದರೂ ಈ ಪಣ ನಷ್ಟಕರ.

ಇದರ ಮೇಲೆ ಪ್ರವೇಶಧನದಿಂದ ಸಂಘಟಕರು ಮುರಿದುಕೊಳ್ಳುವ ‘ರೇಕ್’ ಬೇರೆ. ಆದುದರಿಂದ ಆಟಗಾರರೆಲ್ಲರನ್ನೂ ಒಟ್ಟಾಗಿ ಲೆಕ್ಕಿಸಿದರೆ, ಸಾಮಾನ್ಯವಾಗಿ ಬಂದದ್ದು ಕಟ್ಟಿದ್ದಕ್ಕಿಂತ ಕಡಿಮೆಯೇ. ಹಣವೊಡ್ಡಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಭಾರತದ ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಸಂಭಾವ್ಯತೆಯ ಪಾಠಕ್ಕಾದರೋ ಕಾಗದ, ಪೆನ್ಸಿಲುಗಳೇ ಸಾಕು.