ಹುತ್ತದ ಅಣಬೆ

ಮುಂಗಾರು ಹಿಡಿದು ನೆಲ ಚೆನ್ನಾಗಿ ನೆನೆದ ಮೇಲೆ ಮಲೆನಾಡಿನ ಕಾಡಂಚಿನಲ್ಲಿ ಅಣಬೆ ಏಳುವುದು. ಅದನ್ನು ಎಬ್ಬಿಸುವುದು ಗುಡುಗು ಎಂದು ಹಳಬರು ನಂಬುತ್ತಾರೆ. ಭೌತವಿಜ್ಞಾನ ಕಲಿಸುವವನೆಂಬ ಕಾರಣಕ್ಕೆ ಮನೆಯವರು ನನ್ನಿಂದ ಈ ವಿಷಯದಲ್ಲಿ ತೀರ್ಪು ಕೇಳುವುದುಂಟು. ಗುಡುಗಿನೊಡನೆ ಬರುವ ಮಳೆಯೇ ಸಾಕಾದ ಕಾರಣವೆಂದರೆ ಯಾರಿಗೂ ತೃಪ್ತಿಯಾಗದು.

ಬುಟ್ಟಿ ಹಿಡಿದು ಹೊರಟ ಸಂಸಾರಗಳೆಲ್ಲ ಮೊದಲು ಅರಸುವುದು ಹುತ್ತದ ಅಣಬೆಯನ್ನು. ಶಾಸ್ತ್ರಜ್ಞರು ಇದನ್ನು ಟರ್ಮಿಟೊಮೈಸಿಸ್ ಎನ್ನುತ್ತಾರೆ. ಇದು ಗೆದ್ದಲುಗಳು ಸಾಗುವಳಿ ಮಾಡಿದ ಬೆಳೆ! ಕೆಲವು ಜಾತಿಯ ಗೆದ್ದಲುಗಳು ಒಣಕಟ್ಟಿಗೆ, ತರಗೆಲೆಗಳನ್ನು ತಿಂದು, ಅರೆಜೀರ್ಣವಾದುದನ್ನು ವಿಸರ್ಜಿಸಿ, ಅದರಿಂದ ಸ್ಪಂಜಿನಂತೆ ರಂಧ್ರಮಯವಾದ ಮುದ್ದೆಗಳನ್ನು ನೆಲದೊಳಗೆ ಕಟ್ಟುತ್ತವೆ. ಅವುಗಳ ಮೇಲೆ ಶಿಲೀಂಧ್ರದ ಎಳೆಗಳು ಹಬ್ಬಿ, ಕಟ್ಟಿಗೆಯ ಗಡಸು ಅಂಶವನ್ನು ಕರಗಿಸಿ, ಗೆದ್ದಲಿಗೆ ಆಹಾರ ಒದಗಿಸುತ್ತವೆ. ಮಳೆಗಾಲದಲ್ಲಿ ಅದೇ ಶಿಲೀಂಧ್ರವು ಬೇರಿನಂತಹ ಉದ್ದನೆಯ ಕಾಲನ್ನು ಮೇಲಕ್ಕೆ ಚಾಚಿ, ನೆಲವನ್ನು ಸೀಳಿ, ಕೊಡೆ ಬಿಚ್ಚುವುದು. ಭತ್ತದ ಹುಲ್ಲಿನಲ್ಲಿ ಚಿಪ್ಪಣಬೆ ಬೆಳೆಸಿದಂತೆ ಇದನ್ನು ಬೆಳೆಸಲು ಬಾರದು.

ನಮ್ಮ ಮನೆಯ ಮಕ್ಕಳು ಅಣಬೆಗೆ ಕೈಹಾಕಿದರೆ ಅಜ್ಜಿ ಗದರುತ್ತಾರೆ: “ಕೀಳಬೇಡಿ, ಕಡ್ಡಿಯಿಂದ ಬುಡ ಬಿಡಿಸಿ ನೋಡಿ.” ಈ ಮಾತು ಬಹಳ ಬೆಲೆಯುಳ್ಳದ್ದು. ಗುರುತೆಲ್ಲ ಬುಡದಲ್ಲಿಯೇ ಇರುವುದಷ್ಟೆ. ಹುತ್ತದ ಅಣಬೆಯ ಕಾಲು ಗೆದ್ದಲಿನ ಗೂಡಿನವರೆಗೂ ಇಳಿದಿರುತ್ತದೆ. ಅಮಾನಿಟ ಕುಲದ ವಿಷದ ಅಣಬೆಗಳಿಗಾದರೋ ಬುಡದಲ್ಲಿ ಬಟ್ಟಲಿನಂತಹ ಚೀಲವಿರುವುದು. ಸರಕ್ಕನೆ ಕಿತ್ತರೆ ಚೀಲ ಮಣ್ಣಿನಲ್ಲಿಯೇ ಉಳಿದುಬಿಡುವ ಸಂಭವವುಂಟು.

ಈ ಕುಲದ ಅಮಾನಿಟ ಫಲಾಯ್ಡಿಸ್ ಎಂಬುದು ಅತಿ ಘೋರವಾದುದು. ಅದರ ವಿಷ ಬೇಯಿಸಿದರೂ ನಾಶವಾಗದು. ತಿಂದ ಮೇಲೆ ಸಾಮಾನ್ಯವಾಗಿ 6ರಿಂದ 12 ಗಂಟೆಗಳವರೆಗೆ ಏನೂ ತಿಳಿಯುವುದಿಲ್ಲ. ಆಮೇಲೆ ವಾಂತಿಭೇದಿ; ಬಳಿಕ ಗುಣವಾದಂತೆ ಒಂದು ಭ್ರಮೆ; ಅಷ್ಟರಲ್ಲಿ ಯಕೃತ್ತು ಕೆಡುತ್ತಿರುತ್ತದೆ. ಬೆಳ್ಳಿಯ ನಾಣ್ಯ, ಅರಿಸಿನ, ಬೆಳ್ಳುಳ್ಳಿಗಳ ಪರೀಕ್ಷೆಗಳು ಕೇವಲ ನಿರರ್ಥಕ.

ಹಿರಿಯರ ಅನುಭವವಾದರೂ ಅವರ ನೆಲಕ್ಕೆ ಸಲ್ಲುವಂಥದು. ಆಗ್ನೇಯ ಏಷ್ಯದಿಂದ ಕ್ಯಾಲಿಫೋರ್ನಿಯಕ್ಕೆ ವಲಸೆ ಹೋದ ಕುಟುಂಬಗಳು ತವರಿನ ಭತ್ತದ ಹುಲ್ಲಿನ ಅಣಬೆಯೆಂದೇ ಬಗೆದು ಅಲ್ಲಿಯ ಫಲಾಯ್ಡಿಸನ್ನು ಅಡಿಗೆ ಮಾಡಿದ್ದುಂಟು. ಎರಡಕ್ಕೂ ಬುಡದಲ್ಲಿ ಚೀಲವಿದೆ! ಇಲ್ಲಿ ಅಜ್ಜಿಯ ಕಡ್ಡಿಯೂ ಸಾಲದು. ಬೀಜಕಗಳ ಬಣ್ಣವನ್ನು ನೋಡಬೇಕು. ಕೊಡೆಯನ್ನು ಕತ್ತರಿಸಿ, ಅರ್ಧ ಬಿಳಿ, ಅರ್ಧ ಕಪ್ಪು ಕಾಗದದ ಮೇಲೆ ಬೋರಲಾಗಿಸದೆ ಸಹಜ ಭಂಗಿಯಲ್ಲಿಯೇ ಇಟ್ಟು, ರಾತ್ರಿಯೆಲ್ಲ ಬಟ್ಟಲು ಮುಚ್ಚಿಡಿರಿ. ಹುಲ್ಲಿನ ಅಣಬೆಯ ಅಚ್ಚು ನಸುಗೆಂಪು, ಫಲಾಯ್ಡಿಸಿನದು ಬಿಳಿ. ನಸುಗೆಂಪು ಬಂದ ಮಾತ್ರಕ್ಕೆ ಯಾವುದೋ ಅಣಬೆ ತಿನ್ನಲು ಯೋಗ್ಯವೆಂದು ತಿಳಿಯಲಾಗದು. ಮುಟ್ಟಿದ ಕೈಯನ್ನು ತೊಳೆಯಿರಿ.

ಈ ಬೀಜಕಗಳು ಸುಮ್ಮನೆ ಉದುರುವುದಿಲ್ಲವೆಂಬುದನ್ನು ಭೌತವಿಜ್ಞಾನದವನು ಹೇಳದೆ ಬಿಡಲಾರ. ಬೀಜಕದ ಬುಡದಲ್ಲಿ ಕೂಡಿದ ಸೂಕ್ಷ್ಮ ನೀರಹನಿಯು ಅದರ ಮೈಮೇಲಿನ ನೀರಪದರದೊಡನೆ ಒಮ್ಮೆಲೇ ಬೆರೆಯುವಾಗ, ಮೇಲ್ಮೈ ಎಳೆತದ ಶಕ್ತಿ ಬೀಜಕವನ್ನು ಸಿಡಿಸುವುದು. ಅದು ಒಂದು ಮಿಲಿಮೀಟರಿಗಿಂತ ಕಡಿಮೆ ದೂರ ಹಾರಿ, ಗಾಳಿಯ ತಡೆಯಿಂದ ನಿಂತು, ಕೊಡೆಯಡಿಯ ಎರಡು ಹಾಳೆಗಳ ನಡುವೆ ನೇರವಾಗಿ ಕೆಳಗಿಳಿಯುವುದು.